ರೇಷ್ಮೆಯ ಗಂಟು

1975ನೆಯ ಇಸವಿಯ ಮಾತು. ಅಮೆರಿಕದ ಷಿಕಾಗೋ ನಗರದಲ್ಲಿ ಪಾಮರ್ ಹೌಸ್ ಎಂಬ ಹಳೆಯ, ಹೆಸರಾಂತ ಹೋಟೆಲೊಂದುಂಟು. ಅದರ ವಿಶಾಲವಾದ ಮೊಗಸಾಲೆಯಲ್ಲಿ ಐವತ್ತು ದಾಟಿದ ಪ್ರಾಧ್ಯಾಪಕರೊಬ್ಬರು ಜಪಾನಿನಿಂದ ಬಂದಿದ್ದ ಅತಿಥಿಯೊಬ್ಬರನ್ನು ಎದುರುಗೊಳ್ಳಲು ಕಾದಿದ್ದರು. ಅತಿಥಿ ಬಂದರು. ಅವರ ಕೈಯಲ್ಲಿ ಬಣ್ಣದ ರೇಷ್ಮೆ ವಸ್ತ್ರದಲ್ಲಿ ಅಂದವಾಗಿ ಕಟ್ಟಿದ ಗಂಟೊಂದಿತ್ತು. ಬೆಲೆಯುಳ್ಳ ವಸ್ತುವನ್ನು ಹೀಗೆ ಚೌಕವಾದ ಬಟ್ಟೆಯಲ್ಲಿ ಕಟ್ಟಿ ಒಯ್ಯುವುದು ಜಪಾನೀಯರ ವಾಡಿಕೆ. ಅದಕ್ಕೆ ಫುರೊಷಿಕಿ ಎಂದು ಹೆಸರು. ಅತಿಥಿಯು ಗಂಟನ್ನು ಪ್ರಾಧ್ಯಾಪಕರ ಕೈಗೆ ಒಪ್ಪಿಸಿದರು. ಸುತ್ತಲೂ ಓಡಾಡುತ್ತಿದ್ದ ಜನಕ್ಕೆ ಅದು ಯಾವುದೋ ಮುತ್ತಿನ ಸರವೋ, ಪಿಂಗಾಣಿಯ ಪಾತ್ರೆಯೋ ಎಂದು ತೋರಿದ್ದರೆ ಆಶ್ಚರ್ಯವಿಲ್ಲ.

ಗಂಟಿನಲ್ಲಿದ್ದುದು ಮೂತ್ರ. ಒಂದೆರಡು ಲೀಟರುಗಳದಲ್ಲ, 2,550 ಲೀಟರು ಮೂತ್ರವನ್ನು ಸಂಗ್ರಹಿಸಿ, ಅದರಲ್ಲಿನ ನೀರನ್ನೂ ಬೇಡದ ಲವಣಗಳನ್ನೂ ತೆಗೆದು, ಒಣಗಿಸಿ, ಪುಡಿಯಾಗಿಸಿದ ಸಾರ.

ಓದುಗರು ಮೂಗು ಮುರಿಯಬಾರದು. ಇಂದು ಜಗತ್ತಿನಾದ್ಯಂತ ಮೂತ್ರಪಿಂಡದ ಕಾಯಿಲೆಯಿಂದ ಬಳಲುವ ಲಕ್ಷಾಂತರ ಜನ ವಾರಕ್ಕೊಂದೆರಡು ಬಾರಿ ಚುಚ್ಚಿಸಿಕೊಳ್ಳುವ ಔಷಧದ ಮೂಲವೂ, ಸಂಶೋಧಕರು ತಮ್ಮ ಶೀತಪೆಟ್ಟಿಗೆಗಳಲ್ಲಿ ಚಿನ್ನದಂತೆ ಕಾಪಾಡಿಕೊಳ್ಳುವ ಒಂದು ಬಿಳಿಯ ಪುಡಿಯ ಮೂಲವೂ ಆ ಗಂಟೇ ಆಗಿದೆ. ಅದನ್ನು ತಂದವರು ಕುಮಾಮೊಟೊ ವಿಶ್ವವಿದ್ಯಾನಿಲಯದ ತಕಾಜಿ ಮಿಯಾಕೆ. ತೆಗೆದುಕೊಂಡವರು ಷಿಕಾಗೋ ವಿಶ್ವವಿದ್ಯಾನಿಲಯದ ಜೀವರಸಾಯನಶಾಸ್ತ್ರಜ್ಞ ಯೂಜೀನ್ ಗೋಲ್ಡ್‌ವಾಸರ್. ಗೋಲ್ಡ್‌ವಾಸರ್ ಅದಾಗಲೇ ಇಪ್ಪತ್ತು ವರ್ಷಗಳಿಂದ ಒಂದೇ ಒಂದು ವಸ್ತುವಿನ ಬೆನ್ನು ಹತ್ತಿದ್ದರು. ಆ ವಸ್ತುವಿನ ಹೆಸರು ಎರಿಥ್ರೊಪೊಯಿಟಿನ್.

ಹೆಸರು ನಾಲಗೆಗೆ ತೊಡಕಾದರೂ ಅರ್ಥ ಸರಳವಾದುದು. ಗ್ರೀಕ್ ಭಾಷೆಯಲ್ಲಿ ಎರಿಥ್ರೋಸ್ ಎಂದರೆ ಕೆಂಪು, ಪೊಯೇಸಿಸ್ ಎಂದರೆ ಮಾಡುವಿಕೆ. ಕೆಂಪನ್ನು ಮಾಡುವಂಥದು, ಎಂದರೆ ಕೆಂಪು ರಕ್ತಕಣಗಳನ್ನು ಹುಟ್ಟಿಸುವಂಥದು. ಕಾವ್ಯವೆಂಬುದಕ್ಕೆ ಪಾಶ್ಚಾತ್ಯರು ಇಟ್ಟಿರುವ ಹೆಸರೂ ಇದೇ ಧಾತುವಿನಿಂದ ಬಂದುದೆಂಬುದು ಸಾಹಿತ್ಯಪ್ರಿಯರಿಗೆ ರುಚಿಸಬಹುದಾದ ಸಂಗತಿ.

ನಮ್ಮ ಮೈಯಲ್ಲಿ ಹರಿಯುವ ರಕ್ತದ ಕೆಂಪು ಕಣವೊಂದರ ಆಯುಸ್ಸು ಸುಮಾರು 120 ದಿನ. ಆಮೇಲೆ ಅದು ಜೀರ್ಣವಾಗಿ ನಾಶವಾಗುತ್ತದೆ. ನಾಶವಾದುದರ ಸ್ಥಾನವನ್ನು ತುಂಬಲು ಎಲುಬಿನ ಒಳಗಿರುವ ಅಸ್ಥಿಮಜ್ಜೆಯು ಹಗಲಿರುಳೂ ದುಡಿಯುತ್ತ, ಸೆಕೆಂಡಿಗೆ 20 ಲಕ್ಷಕ್ಕೂ ಮಿಕ್ಕ ಹೊಸ ಕಣಗಳನ್ನು ಹುಟ್ಟಿಸುತ್ತದೆ. ಓದುಗರು ಈ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಅವರ ಮೈಯಲ್ಲಿ ಒಂದು ಕೋಟಿ ಕಣಗಳಾದರೂ ಹುಟ್ಟಿರುತ್ತವೆ. ಆದರೆ ಎಷ್ಟು ಕಣಗಳು ಬೇಕೆಂಬುದನ್ನು ಮಜ್ಜೆಗೆ ತಿಳಿಸುವವರು ಯಾರು? ಗಾಯವಾಗಿ ರಕ್ತ ಸೋರಿದರೆ ಅದು ದುಪ್ಪಟ್ಟು ದುಡಿಯುತ್ತದೆ. ನಷ್ಟ ತುಂಬಿದೊಡನೆ ತಾನಾಗಿ ನಿಧಾನಗೊಳ್ಳುತ್ತದೆ. ಎತ್ತರದ ಬೆಟ್ಟವನ್ನು ಹತ್ತಿ ಅಲ್ಲಿಯ ತೆಳುವಾದ ಗಾಳಿಯಲ್ಲಿ ನಾಲ್ಕಾರು ದಿನ ನಿಂತರೂ ರಕ್ತಕಣಗಳ ಸಂಖ್ಯೆ ಏರುತ್ತದೆ. ಇದನ್ನು ಫ್ರಾನ್ಸಿನ ವಿಯೋ ಎಂಬ ವಿದ್ವಾಂಸ ಪೆರು ದೇಶದ ಗಣಿಗಳ ನೆಲೆಯಾದ ಮೊರೊಕೊಚಕ್ಕೆ ಹೋಗಿ, ತನ್ನದೇ ರಕ್ತವನ್ನು ಎಣಿಸಿ, 1890ರಲ್ಲಿ ಪ್ರಕಟಿಸಿದ್ದ. ಒಂದು ಘನ ಮಿಲಿಮೀಟರಿನ ಲೆಕ್ಕದಲ್ಲಿ 50 ಲಕ್ಷವಿದ್ದ ಕಣಗಳು ಕೆಲವೇ ವಾರಗಳಲ್ಲಿ 70 ಲಕ್ಷವನ್ನು ದಾಟಿದ್ದವು.

ರಕ್ತದಲ್ಲಿ ಸಂಚರಿಸುವ ಯಾವುದೋ ದೂತನೊಬ್ಬ ಮಜ್ಜೆಗೆ ಈ ಸುದ್ದಿಯನ್ನು ಒಯ್ಯುತ್ತಿರಬೇಕೆಂದು ಮೊದಲು ಊಹಿಸಿದವರು ಪ್ಯಾರಿಸ್ಸಿನ ಪಾಲ್ ಕಾರ್ನೊ ಮತ್ತು ಅವರ ಸಹೋದ್ಯೋಗಿ ಡೆಫ್ಲಾಂಡ್ರ್ ಎಂಬ ಮಹಿಳೆ. 1906ರಲ್ಲಿ ಅವರು ಮೊಲವೊಂದರ ರಕ್ತವನ್ನು ಸೋರಿಸಿ, ಅನಂತರ ಅದರ ರಕ್ತದ ಸಾರವನ್ನು ಬೇರೊಂದು ಆರೋಗ್ಯವಂತ ಮೊಲಕ್ಕೆ ಚುಚ್ಚಿದರು. ಎರಡನೆಯ ಮೊಲದಲ್ಲಿಯೂ ಕೆಂಪು ಕಣಗಳು ಹೆಚ್ಚಿದುವೆಂದು ವರದಿ ಮಾಡಿದರು. ಆದರೆ ಬೇರೆಯವರು ಅದೇ ಪ್ರಯೋಗವನ್ನು ಮಾಡಿದಾಗ ಕೆಲವರಿಗೆ ಫಲ ಕಂಡಿತು, ಹಲವರಿಗೆ ಕಾಣಲಿಲ್ಲ. ದೂತನಿದ್ದಾನೆಯೇ ಇಲ್ಲವೇ ಎಂಬ ತರ್ಕದಲ್ಲಿಯೇ ನಾಲ್ಕು ದಶಕಗಳು ಕಳೆದುಹೋದವು. 1950ರಲ್ಲಿ ರೈಸ್‌ಮನ್ ಎಂಬ ಸಂಶೋಧಕ ಎರಡು ಇಲಿಗಳ ಮೈಯನ್ನು ಒಂದಕ್ಕೊಂದು ಹೊಲಿದು ರಕ್ತ ಒಂದರಿಂದೊಂದಕ್ಕೆ ಹರಿಯುವಂತೆ ಮಾಡಿ, ಒಂದಕ್ಕೆ ಮಾತ್ರ ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಕೊಟ್ಟ. ಎರಡರ ಮಜ್ಜೆಯೂ ಚುರುಕಾಯಿತು. 1953ರಲ್ಲಿ ಆಲನ್ ಎರ್ಸ್‌ಲೆವ್ ಎಂಬುವರು ಕಾರ್ನೊ ಅವರ ಪ್ರಯೋಗವನ್ನೇ ಮತ್ತೆ ಕೈಗೊಂಡರು. ಆದರೆ ಸಾರವನ್ನು ಬಹು ದೊಡ್ಡ ಪ್ರಮಾಣದಲ್ಲಿ ಚುಚ್ಚಿ ನಿಸ್ಸಂದೇಹವಾದ ಫಲವನ್ನು ಪಡೆದರು. ಹಿಂದಿನವರು ಸೋತದ್ದು ಬುದ್ಧಿಯ ಕೊರತೆಯಿಂದಲ್ಲ, ಅಳತೆಯ ಕೊರತೆಯಿಂದ. ಆರೋಗ್ಯವಂತನ ರಕ್ತದಲ್ಲಿ ಈ ದೂತ ಇರುವ ಪ್ರಮಾಣವೆಂದರೆ ಪ್ಲಾಸ್ಮದ ಒಂದು ಮಿಲಿಲೀಟರಿಗೆ ಹೆಚ್ಚುಕಡಿಮೆ ಒಂದು ಗ್ರಾಂನ ಸಾವಿರ ಕೋಟಿಯಲ್ಲೊಂದು ಪಾಲು!

ಗೋಲ್ಡ್‌ವಾಸರ್ ಈ ಕಥೆಯನ್ನು ಪ್ರವೇಶಿಸಿದ್ದು 1955ರಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ 1922ರಲ್ಲಿ ಹುಟ್ಟಿದ ಇವರಿಗೆ ಆಗ ಮೂವತ್ಮೂರರ ಪ್ರಾಯ. ಷಿಕಾಗೋದಲ್ಲಿ ಹಿರಿಯ ವೈದ್ಯರಾಗಿದ್ದ ಲಿಯಾನ್ ಜೇಕಬ್‌ಸನ್, ಆ ದೂತನನ್ನು ಹಿಡಿದು ಶುದ್ಧರೂಪದಲ್ಲಿ ತೋರಿಸಲಾದೀತೇ ಎಂದು ಕೇಳಿದರು. ತರುಣನಿಗೆ ಅದು ಕೆಲವೇ ತಿಂಗಳುಗಳ ಕೆಲಸವೆಂದು ತೋರಿತು. ವಿದ್ಯೆಯ ಲೋಕದಲ್ಲಿ ಇಂಥ ತಪ್ಪುಗಣನೆಗಳು ಎಷ್ಟೋ ಬಾರಿ ಉಪಕಾರವನ್ನೇ ಮಾಡುತ್ತವೆ. ಇಪ್ಪತ್ತೆರಡು ವರ್ಷ ಹಿಡಿಯುವುದೆಂದು ಮೊದಲೇ ತಿಳಿದಿದ್ದರೆ ಯಾರು ತಾನೇ ಕೈಹಾಕಿಯಾರು?

ಮೊದಲ ಜಯ ಬೇಗನೆ ಬಂದಿತು. ಈ ವಸ್ತು ಮೈಯ ಯಾವ ಅಂಗದಲ್ಲಿ ತಯಾರಾಗುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಜೇಕಬ್‌ಸನ್, ಗೋಲ್ಡ್‌ವಾಸರ್ ಮತ್ತು ಸಂಗಡಿಗರು ಇಲಿಗಳಲ್ಲಿ ಒಂದೊಂದಾಗಿ ಅಂಗಗಳನ್ನು ತೆಗೆದುಹಾಕಿ ನೋಡಿದರು. ಗುಲ್ಮ ಹೋದರೂ, ಇತರ ಗ್ರಂಥಿಗಳು ಹೋದರೂ ದೂತ ಹುಟ್ಟುತ್ತಲೇ ಇದ್ದ. ಮೂತ್ರಪಿಂಡಗಳೆರಡನ್ನೂ ತೆಗೆದಾಗ ಮಾತ್ರ ಅವನ ಸುಳಿವು ಇಲ್ಲವಾಯಿತು. 1957ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮೂತ್ರಪಿಂಡ ಕೆಟ್ಟವರು ಬಿಳಿಚಿಕೊಂಡು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವುದೇಕೆಂಬ ಹಳೆಯ ಒಗಟು ಅಂದು ಬಿಡಿಸಿದಂತಾಯಿತು. ಮೂತ್ರಪಿಂಡವೆಂಬುದು ಬರಿಯ ಜರಡಿಯಲ್ಲ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ನೋಡುತ್ತಿದ್ದು, ಸಾಲದೆ ಬಂದಾಗ ಮಜ್ಜೆಗೆ ಓಲೆ ಕಳಿಸುವ ಕಾವಲುಗಾರನೂ ಹೌದು. ಕಾವಲುಗಾರನೇ ಮಲಗಿದರೆ ಓಲೆ ಬರೆಯುವವರಾರು?

ಓಲೆ ಎಲ್ಲಿಂದ ಬರುವುದೆಂದು ತಿಳಿದರೂ, ಓಲೆಯನ್ನು ಕೈಯಲ್ಲಿ ಹಿಡಿಯುವುದು ಬೇರೆಯ ಮಾತು. ಗೋಲ್ಡ್‌ವಾಸರ್ ಕುರಿಗಳನ್ನು ಆರಿಸಿಕೊಂಡರು. ಔಷಧ ಕೊಟ್ಟು ಕುರಿಗಳಲ್ಲಿ ರಕ್ತಹೀನತೆಯನ್ನು ಉಂಟುಮಾಡುವುದು. ಆಗ ಅವುಗಳ ಮೂತ್ರಪಿಂಡಗಳು ಹೆಚ್ಚು ಹೆಚ್ಚು ದೂತರನ್ನು ಕಳಿಸತೊಡಗುತ್ತವೆ. ಅನಂತರ ಕಸಾಯಿಖಾನೆಯಿಂದ ಆ ರಕ್ತವನ್ನು ಪಾತ್ರೆಗಟ್ಟಲೆ ತಂದು, ಅದರಲ್ಲಿನ ಸಾವಿರಾರು ಪ್ರೋಟೀನುಗಳಿಂದ ಒಂದೇ ಒಂದನ್ನು ಬೇರ್ಪಡಿಸುವುದು. ಹೀಗೆ ಹದಿನೈದು ವರ್ಷಗಳು ಕಳೆದವು. 1971ರಲ್ಲಿ ಕುರಿಯ ಎರಿಥ್ರೊಪೊಯಿಟಿನ್ ಶುದ್ಧರೂಪದಲ್ಲಿ ದೊರೆತುದು ನಿಜ. ಆದರೆ ಅಷ್ಟು ರಕ್ತದಿಂದ ಉಳಿದದ್ದು ಏತಕ್ಕೂ ಸಾಲದಷ್ಟು ಅಲ್ಪ. ಮನುಷ್ಯನ ಮೈಯಲ್ಲಿರುವ ಪ್ರೋಟೀನು ಇನ್ನೂ ದೂರವೇ ಉಳಿಯಿತು. ಮನುಷ್ಯನ ರಕ್ತವನ್ನು ಕುರಿಯ ರಕ್ತದಂತೆ ಪಾತ್ರೆಗಟ್ಟಲೆ ತರುವುದೆಲ್ಲಿಂದ?

ಮಿಯಾಕೆ ಅವರ ಪತ್ರ ಬಂದುದು ಇಂಥ ಸಂದರ್ಭದಲ್ಲಿ. ಮಜ್ಜೆಯೇ ಬತ್ತಿಹೋಗುವ ಭೀಕರ ವ್ಯಾಧಿಯೊಂದುಂಟು. ಏಪ್ಲಾಸ್ಟಿಕ್ ಅನೀಮಿಯ ಎಂದು ಅದನ್ನು ಕರೆಯುತ್ತಾರೆ. ಈ ರೋಗಿಗಳ ಮೂತ್ರಪಿಂಡಗಳು ಆರೋಗ್ಯವಾಗಿಯೇ ಇರುತ್ತವೆ. ರಕ್ತ ಸಾಲದೆಂದು ಅವು ಓಲೆಯ ಮೇಲೆ ಓಲೆ ಕಳಿಸುತ್ತಲೇ ಇರುತ್ತವೆ. ಆದರೆ ಓದುವವನಿಲ್ಲದ ಮನೆಗೆ ಬಂದ ಓಲೆಗಳಂತೆ ಅವು ರಕ್ತದಲ್ಲಿ ರಾಶಿಯಾಗಿ ಬಿದ್ದು, ಮಿತಿಮೀರಿದಾಗ ಮೂತ್ರದೊಂದಿಗೆ ಹೊರಗೆ ಹರಿದುಹೋಗುತ್ತವೆ. ಮಿಯಾಕೆ ಅವರು ಜಪಾನಿನಲ್ಲಿ ಇಂಥ ರೋಗಿಗಳ ಮೂತ್ರವನ್ನು ತಾಳ್ಮೆಯಿಂದ ಸಂಗ್ರಹಿಸುತ್ತ ಬಂದಿದ್ದರು. ರೋಗದಿಂದ ಕುಗ್ಗಿದ ಜನ, ತಮಗೆ ಇದರಿಂದೇನೂ ಆಗಬೇಕಾದುದಿಲ್ಲವಾದರೂ ಕೊಟ್ಟ ವಸ್ತು ಅದು. ಅದನ್ನು ರೇಷ್ಮೆಯಲ್ಲಿ ಕಟ್ಟಿ ತಂದುದು ಮಿಯಾಕೆ ಅವರ ಔಚಿತ್ಯಪ್ರಜ್ಞೆಗೆ ಸಾಕ್ಷಿ.

ಷಿಕಾಗೋದ ಪ್ರಯೋಗಶಾಲೆಯಲ್ಲಿ ಮಿಯಾಕೆ, ಗೋಲ್ಡ್‌ವಾಸರ್ ಮತ್ತು ಅವರ ಸಹಾಯಕ ಚಾರ್ಲ್ಸ್ ಕುಂಗ್ ಆ ಪುಡಿಯನ್ನು ಹಂತಹಂತವಾಗಿ ಸೋಸಿದರು. 1977ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. 2,550 ಲೀಟರಿನಿಂದ ಕೊನೆಗೆ ಉಳಿದದ್ದು ಸುಮಾರು 8 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿನ ಒಂದಂಶ. ಭೂಮಿಯ ಮೇಲಿದ್ದ ಶುದ್ಧವಾದ ಮಾನವ ಎರಿಥ್ರೊಪೊಯಿಟಿನ್ ಎಲ್ಲವೂ ಒಂದು ಪುಟ್ಟ ನಳಿಕೆಯ ತಳದಲ್ಲಿತ್ತು.

ಅದರಿಂದ ರೋಗಿಗಳಿಗೆ ಚಿಕಿತ್ಸೆ ಮಾಡುವುದಂತೂ ಇರಲಿ, ಪ್ರಯೋಗಶಾಲೆಯ ಕೆಲಸಕ್ಕೂ ಅದು ಸಾಲುವಂತಿರಲಿಲ್ಲ. ಒಂದು ಪರೀಕ್ಷೆ ಮಾಡಿದರೆ ಅಷ್ಟು ಕರಗಿತು. ಇನ್ನೊಂದು ಮಾಡಿದರೆ ಮತ್ತಷ್ಟು. ಕೃಪಣನು ಹಣವನ್ನು ಎಣಿಸುವಂತೆ ಗೋಲ್ಡ್‌ವಾಸರ್ ಮೈಕ್ರೋಗ್ರಾಂಗಳನ್ನು ಎಣಿಸಬೇಕಾಗಿತ್ತು. ಈ ಸಂಶೋಧನೆಗೆ ಹಕ್ಕುಪತ್ರ ಪಡೆಯುವ ವಿಚಾರವನ್ನು ಅವರು ಎತ್ತಿದ್ದುಂಟು. ಆದರೆ ಹಕ್ಕುಪತ್ರವನ್ನು ಯಾರೂ ಮಾಡಿಸಲಿಲ್ಲ. ಮುಂದೆ ಈ ವಸ್ತುವಿನ ವ್ಯಾಪಾರ ವರ್ಷಕ್ಕೆ ನೂರಾರು ಕೋಟಿ ಡಾಲರುಗಳಿಗೆ ಏರಿದಾಗ, ಅದರಲ್ಲಿ ಒಂದು ಕಾಸೂ ಗೌರವಧನವಾಗಿ ಅವರ ಪ್ರಯೋಗಶಾಲೆಗೆ ಬರಲಿಲ್ಲ.

ಇಷ್ಟರಲ್ಲಿ ಜೀವಶಾಸ್ತ್ರದ ಇನ್ನೊಂದು ಮೂಲೆಯಲ್ಲಿ ಬೇರೊಂದು ವಿದ್ಯೆ ಹುಟ್ಟಿತ್ತು. ಪ್ರತಿಯೊಂದು ಪ್ರೋಟೀನಿಗೂ ಜೀವಕೋಶದ ಒಳಗೆ ಒಂದು ಪಾಠ ಬರೆದಿರುತ್ತದೆ, ಅದೇ ಜೀನು. ಪಾಠವನ್ನು ಬರೆದಿರುವ ಲಿಪಿ ಎಲ್ಲ ಜೀವಿಗಳಿಗೂ ಒಂದೇ. ಮನುಷ್ಯನಿಗೂ ಅದೇ ಅಕ್ಷರ, ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಕ್ಕೂ ಅದೇ ಅಕ್ಷರ. ಹಾಗಾದರೆ ಮನುಷ್ಯನ ಪಾಠವನ್ನು ಕತ್ತರಿಸಿ ತೆಗೆದು ಬ್ಯಾಕ್ಟೀರಿಯದ ಪುಸ್ತಕದಲ್ಲಿ ಅಂಟಿಸಿದರೆ, ಆ ಮೂಢಜೀವಿ ಅದನ್ನು ತನ್ನದೇ ಪಾಠವೆಂದು ಓದಿ ಮನುಷ್ಯನ ಪ್ರೋಟೀನನ್ನು ತಯಾರಿಸಬೇಡವೇ? ಕ್ಯಾಲಿಫೋರ್ನಿಯದ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬಾಯರ್ 1973ರಲ್ಲಿ ಈ ಕತ್ತರಿ-ಅಂಟಿನ ಕೆಲಸ ಸಾಧ್ಯವೆಂದು ತೋರಿಸಿದರು. 1978ರಲ್ಲಿ ಬ್ಯಾಕ್ಟೀರಿಯವು ಮಾನವ ಇನ್ಸುಲಿನ್ನನ್ನು ತಯಾರಿಸಿತು. 1982ರಲ್ಲಿ ಅದು ಅಮೆರಿಕದಲ್ಲಿ ಔಷಧವಾಗಿ ಅಂಗೀಕೃತವಾಯಿತು. ಹೀಗೆ ಒಂದು ಜೀವಿಯ ಪಾಠವನ್ನು ಇನ್ನೊಂದರೊಡನೆ ಪುನಃ ಜೋಡಿಸಿ ಪಡೆದ ಪ್ರೋಟೀನಿಗೆ ರಿಕಾಂಬಿನೆಂಟ್ ಪ್ರೋಟೀನು ಎಂದು ಹೆಸರು.

ಆದರೆ ಎರಿಥ್ರೊಪೊಯಿಟಿನ್ನಿನ ಪಾಠ ಮನುಷ್ಯನ ವಂಶಗ್ರಂಥದ ಯಾವ ಪುಟದಲ್ಲಿದೆ? ಈ ಹುಡುಕಾಟವನ್ನು ಕೈಗೊಂಡವರು ಫು-ಕುಯೆನ್ ಲಿನ್ ಎಂಬ ತೈವಾನ್ ಮೂಲದ ವಿಜ್ಞಾನಿ. ಲಾಸ್ ಏಂಜಲಿಸ್ ನಗರಕ್ಕೆ ಸಮೀಪದ ಥೌಸಂಡ್ ಓಕ್ಸ್ ಎಂಬ ಊರಿನಲ್ಲಿ 1980ರಲ್ಲಿ ಆಮ್‌ಜೆನ್ ಎಂಬ ಸಂಸ್ಥೆ ಹುಟ್ಟಿತು. ಲಿನ್ ಮರುವರ್ಷ ಅಲ್ಲಿ ಸೇರಿದರು. ಗೋಲ್ಡ್‌ವಾಸರ್ ತಮ್ಮಲ್ಲಿದ್ದ ಅಮೂಲ್ಯವಾದ ಪುಡಿಯಲ್ಲಿ ಒಂದು ಪಾಲನ್ನು ಈ ಸಂಸ್ಥೆಗೆ ಕೊಟ್ಟರು. ಪ್ರೋಟೀನೆಂಬುದು ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಪುಡಿಯನ್ನು ತುಂಡರಿಸಿ ಕೆಲವು ಮಣಿಗಳ ಅನುಕ್ರಮವನ್ನು ಓದಿಕೊಂಡರೆ, ಅದರಿಂದ ಜೀನಿನ ಅಕ್ಷರಗಳನ್ನು ಊಹಿಸಿ, ಅಂಥ ಅಕ್ಷರಗಳಿರುವ ಪುಟವನ್ನು ಹುಡುಕಬಹುದು.

ಇಲ್ಲಿ ಒಂದು ತೊಡಕಿದೆ. ಭಾಷಾಂತರ ಮಾಡಿದವರಿಗೆ ಇದು ಪರಿಚಿತವಾದುದೇ. ಕನ್ನಡದಲ್ಲಿ ತಾಯಿ, ಅಮ್ಮ, ಅವ್ವ, ಮಾತೆ, ಜನನಿ ಎಂದು ಹಲವು ಮಾತುಗಳಿವೆ. ಇವೆಲ್ಲವನ್ನೂ ಇಂಗ್ಲಿಷಿನ ಒಂದೇ ಪದದಿಂದ ಅನುವಾದಿಸಿದ್ದರೆ, ಆ ಇಂಗ್ಲಿಷ್ ಪುಸ್ತಕವನ್ನು ನೋಡಿ ಮೂಲದಲ್ಲಿದ್ದುದು ಅವ್ವನೋ ಜನನಿಯೋ ಎಂದು ಹೇಳುವುದು ಹೇಗೆ? ಜೀನಿನ ಭಾಷೆಯಲ್ಲಿಯೂ ಒಂದೊಂದು ಅಮೈನೋ ಆಮ್ಲಕ್ಕೆ ಎರಡು, ನಾಲ್ಕು, ಆರು ಪರ್ಯಾಯ ಪದಗಳುಂಟು. ಆದುದರಿಂದ ಸಣ್ಣದೊಂದು ತುಂಡಿಗೂ ನೂರಾರು ಮೂಲಪಾಠಗಳು ಸಾಧ್ಯವಾಗುತ್ತವೆ. ಲಿನ್ ಅವರು ಪ್ರೋಟೀನಿನ ಎರಡು ಬೇರೆ ಬೇರೆ ತುಂಡುಗಳನ್ನು ಆರಿಸಿ, ಒಂದೊಂದಕ್ಕೂ 128 ಪಾಠಾಂತರಗಳನ್ನು ರಾಸಾಯನಿಕವಾಗಿ ತಯಾರಿಸಿದರು. ಮಾನವ ಡಿ.ಎನ್.ಎ.ಯ ಚೂರುಗಳನ್ನು ಹೊತ್ತ ಸುಮಾರು 15 ಲಕ್ಷ ವೈರಸ್ಸುಗಳ ಭಂಡಾರದಲ್ಲಿ, ಎರಡು ಗುಂಪಿನ ಪಾಠಾಂತರಗಳಿಗೂ ಅಂಟಿಕೊಳ್ಳುವ ಚೂರು ಯಾವುದೆಂದು ಶೋಧಿಸಿದರು. ಸಂಸ್ಥೆಯ ಕೈಯಲ್ಲಿದ್ದ ಹಣ ಕರಗುತ್ತಿತ್ತು. ಕೆಲಸವನ್ನು ಕೈಬಿಡುವುದೇ ಲೇಸೆಂಬ ಮಾತೂ ಕೇಳಿಬರುತ್ತಿತ್ತು. 1983ರಲ್ಲಿ ಪಾಠ ಸಿಕ್ಕಿತು. ಗ್ರಂಥಸಂಪಾದನೆಯ ಕಷ್ಟವನ್ನು ಬಲ್ಲವರು ಇದರ ಬೆಲೆಯನ್ನು ಬಲ್ಲರು.

ಜೀನು ಸಿಕ್ಕಿದ ಮೇಲೆ ಅದನ್ನು ಇನ್ಸುಲಿನ್ನಿನಂತೆ ಬ್ಯಾಕ್ಟೀರಿಯಕ್ಕೆ ವಹಿಸಬಹುದಿತ್ತಲ್ಲ? ಅಲ್ಲಿಯೂ ಒಂದು ಸೂಕ್ಷ್ಮವಿತ್ತು. 165 ಅಮೈನೋ ಆಮ್ಲಗಳ ಈ ಸರದ ಮೇಲೆ ನಾಲ್ಕು ಕಡೆ ಸಕ್ಕರೆಯ ಕವಲುಗಳು ಮೂಡಿರುತ್ತವೆ. ಇಡೀ ಅಣುವಿನ ತೂಕದಲ್ಲಿ ಸುಮಾರು ಶೇಕಡ 40 ಪಾಲು ಸಕ್ಕರೆಯೇ. ಈ ಕವಲುಗಳ ತುದಿ ಹರಿದುಹೋದರೆ ಪಿತ್ತಜನಕಾಂಗವು ಅದನ್ನು ಹಿಡಿದು ನಿಮಿಷಗಳಲ್ಲಿ ನಾಶಮಾಡುತ್ತದೆ. ದೂತ ಮಜ್ಜೆಯನ್ನು ಮುಟ್ಟುವುದೇ ಇಲ್ಲ. ಬ್ಯಾಕ್ಟೀರಿಯಕ್ಕೆ ಸಕ್ಕರೆ ಅಂಟಿಸುವ ಈ ಕುಸುರಿ ಬಾರದು. ಆದಕಾರಣ ಚೀನಾ ದೇಶದ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದ ಜೀವಕೋಶಗಳ ಮೊರೆಹೋಗಬೇಕಾಯಿತು. 1957ರಲ್ಲಿ ಥಿಯೊಡೋರ್ ಪಕ್ ಎಂಬ ವಿಜ್ಞಾನಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಈ ಕೋಶಗಳ ಸಂತತಿ ಇಂದಿಗೂ ಅವಿಚ್ಛಿನ್ನವಾಗಿ ಬೆಳೆಯುತ್ತಿದೆ. ಹೀಗೆ ಜಪಾನೀಯರ ಮೂತ್ರದಿಂದ ತಿಳಿದ ಪಾಠ, ಕ್ಯಾಲಿಫೋರ್ನಿಯದಲ್ಲಿ, ಚೀನಾದ ಪ್ರಾಣಿಯೊಂದರ ಜೀವಕೋಶದಲ್ಲಿ ಕುಳಿತು ಮನುಷ್ಯನ ಪ್ರೋಟೀನಾಗಿ ಹರಿಯತೊಡಗಿತು.

ಈಗ ಕಥೆ ಸಿಯಾಟಲ್ ನಗರಕ್ಕೆ ಸಾಗುತ್ತದೆ. ಮೂತ್ರಪಿಂಡ ಪೂರ್ತಿ ಕೆಟ್ಟವರನ್ನು ಡಯಾಲಿಸಿಸ್ ಯಂತ್ರದಿಂದ ವರ್ಷಗಟ್ಟಲೆ ಬದುಕಿಸುವ ಕ್ರಮ ಆರಂಭವಾದುದು 1960ರಲ್ಲಿ, ಈ ಊರಿನಲ್ಲೇ. ಆದರೆ ಯಂತ್ರವು ರಕ್ತವನ್ನು ತೊಳೆಯಬಲ್ಲುದೇ ಹೊರತು ಹುಟ್ಟಿಸಲಾರದು. ರೋಗಿಗಳು ಬದುಕಿದ್ದರು, ಅಷ್ಟೆ. ಮೆಟ್ಟಿಲು ಹತ್ತಲಾರದೆ, ಹೊತ್ತು ಹೊತ್ತಿಗೆ ನಿದ್ದೆಗೆ ಜಾರುತ್ತ, ಚಳಿಯಿಂದ ನಡುಗುತ್ತ ದಿನಗಳನ್ನು ನೂಕುತ್ತಿದ್ದರು. ಅನೇಕರಿಗೆ ಮತ್ತೆ ಮತ್ತೆ ಬೇರೆಯವರ ರಕ್ತವನ್ನು ಕೊಡಬೇಕಾಗುತ್ತಿತ್ತು. ಅದರೊಂದಿಗೆ ಕಾಮಾಲೆ ರೋಗದ ಭಯವೂ, ಅಂಗಾಂಗಗಳಲ್ಲಿ ಕಬ್ಬಿಣ ಶೇಖರವಾಗುವ ಉಪದ್ರವವೂ ಬರುತ್ತಿತ್ತು. ಜೋಸೆಫ್ ಎಷ್‌ಬಾಕ್ ಎಂಬ ವೈದ್ಯರು ಇದನ್ನು ಎರಡು ದಶಕಗಳಿಂದ ಕಣ್ಣಾರೆ ಕಂಡು ಮರುಗಿದ್ದವರು. ಮೂತ್ರಪಿಂಡದ ಶಕ್ತಿ ಕುಂದಿದ ಕುರಿಗಳಿಗೆ ದೂತನಿರುವ ಪ್ಲಾಸ್ಮವನ್ನು ಕೊಟ್ಟರೆ ರಕ್ತಹೀನತೆ ವಾಸಿಯಾಗುವುದೆಂದು ಅವರೂ ಜಾನ್ ಆಡಮ್‌ಸನ್ ಮತ್ತಿತರರೂ ಮೊದಲೇ ತೋರಿಸಿದ್ದರು.

1985ರ ಕೊನೆಯಲ್ಲಿ ಸಿಯಾಟಲ್ಲಿನ ರೋಗಿಗಳಿಗೆ ಹೊಸ ಪ್ರೋಟೀನನ್ನು ಚುಚ್ಚಲಾಯಿತು. ಇಂಗ್ಲೆಂಡಿನಲ್ಲಿಯೂ ಇದೇ ಬಗೆಯ ಪ್ರಯೋಗ ನಡೆಯಿತು. 1987ರ ಜನವರಿಯಲ್ಲಿ ಪ್ರಕಟವಾದ ಸಿಯಾಟಲ್ ವರದಿಯಲ್ಲಿ 25 ರೋಗಿಗಳ ವೃತ್ತಾಂತವಿದೆ. ತಕ್ಕಷ್ಟು ಪ್ರಮಾಣವನ್ನು ಪಡೆದವರಲ್ಲಿ ಪರರಕ್ತವನ್ನೇ ನಂಬಿ ಬದುಕಿದ್ದ 12 ಮಂದಿಗೆ ಅದು ಬೇಡವೇ ಆಯಿತು. ಅಂಕಿಗಳು ಹೇಳದ ಸಂಗತಿಯೂ ಒಂದುಂಟು. ಕನ್ನಡಿಯಲ್ಲಿ ತಮ್ಮ ಮುಖದ ಬಣ್ಣ ತಿರುಗಿದ್ದನ್ನು, ಊಟ ರುಚಿಸಿದ್ದನ್ನು, ಹೊದಿಕೆಯಿಲ್ಲದೆ ಮಲಗಲಾದುದನ್ನು ಒಬ್ಬ ರೋಗಿ ಎಷ್ಟು ಕಾಲದ ಮೇಲೆ ಕಂಡನೆಂಬುದನ್ನು ಯಾವ ಕೋಷ್ಟಕದಲ್ಲಿ ಬರೆಯುವುದು? 1989ರ ಜೂನ್‌ನಲ್ಲಿ ಅಮೆರಿಕದ ಸರ್ಕಾರ ಔಷಧಕ್ಕೆ ಅನುಮತಿ ನೀಡಿತು. ಇಂದು ಭಾರತದಲ್ಲಿಯೂ ಅದು ತಯಾರಾಗುತ್ತಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಡಯಾಲಿಸಿಸ್ ಕೇಂದ್ರಗಳಲ್ಲಿ ನಿತ್ಯವೂ ಬಳಕೆಯಾಗುತ್ತಿದೆ.

ಔಷಧದ ಮಾತು ಹಾಗಿರಲಿ. ಪ್ರಯೋಗಶಾಲೆಗಳಿಗೆ ಆದ ಲಾಭವನ್ನು ಸಾಮಾನ್ಯರು ಅಷ್ಟಾಗಿ ಅರಿಯರು. ಗೋಲ್ಡ್‌ವಾಸರ್ 22 ವರ್ಷ ದುಡಿದು ಪಡೆದ ವಸ್ತುವನ್ನು ಇಂದು ಯಾವ ಸಂಶೋಧನ ವಿದ್ಯಾರ್ಥಿಯೂ ಬೆಲೆಪಟ್ಟಿಯನ್ನು ನೋಡಿ ತರಿಸಿಕೊಳ್ಳಬಹುದು. ಬೆರಳುದ್ದದ ಒಂದು ಸೀಸೆ ಬರುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಏನೂ ಇಲ್ಲವೆನ್ನಿಸುತ್ತದೆ. ತಳದಲ್ಲಿ ಮಂಜಿನಂಥ ತೆಳುವಾದ ಪೊರೆ ಮಾತ್ರ. ಅದನ್ನು ಕರಗಿಸಿ, ಸಣ್ಣ ಸಣ್ಣ ಪಾಲುಗಳನ್ನಾಗಿ ಮಾಡಿ, ಹೆಪ್ಪುಗಟ್ಟಿಸಿ ಇಡಬೇಕು. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಪ್ರೋಟೀನು ಕೆಡುತ್ತದೆ. ತೀರ ತೆಳುವಾದ ದ್ರಾವಣದಲ್ಲಿ ಅದು ನಳಿಕೆಯ ಗೋಡೆಗೇ ಅಂಟಿಕೊಂಡು ಮಾಯವಾಗುವುದೂ ಉಂಟು. ಆದುದರಿಂದ ಗೋಡೆಗೆ ಮೊದಲು ಅಂಟಿಕೊಳ್ಳಲೆಂದು ಆಲ್ಬುಮಿನ್ ಎಂಬ ಅಗ್ಗದ ಪ್ರೋಟೀನನ್ನು ಜತೆಗೆ ಬೆರೆಸುತ್ತಾರೆ. ವಸ್ತು ಶುದ್ಧವಾಗಿದೆಯೇ ಎಂಬುದನ್ನು ಜೆಲ್ಲಿನ ಮೇಲೆ ಓಡಿಸಿ ನೋಡಬಹುದು. ಜೀವಂತವಾಗಿದೆಯೇ ಎಂಬುದನ್ನು ತಿಳಿಯಬೇಕಾದರೆ ಈ ಪ್ರೋಟೀನಿಗೆ ಸ್ಪಂದಿಸಿ ವೃದ್ಧಿಯಾಗುವ ಜೀವಕೋಶಗಳಿಗೇ ಅದನ್ನು ಉಣಿಸಿ, ಅವು ಎಷ್ಟು ಬೆಳೆದುವೆಂದು ಎಣಿಸಬೇಕು. ಸೀಸೆಯ ಮೇಲೆ ಒಂದು ಎಚ್ಚರಿಕೆಯೂ ಇರುತ್ತದೆ: ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡತಕ್ಕುದಲ್ಲ. ಹೆಸರು ಒಂದೇ ಆದರೂ, ಔಷಧವನ್ನು ಮಾಡುವಾಗ ಪಾಲಿಸುವ ಕಟ್ಟುನಿಟ್ಟುಗಳು ಈ ಸೀಸೆಗೆ ಇರುವುದಿಲ್ಲ.

ಗಾಜಿನ ತಟ್ಟೆಯಲ್ಲಿ ಮಜ್ಜೆಯ ಜೀವಕೋಶಗಳನ್ನು ಬಿತ್ತಿ ಈ ದ್ರಾವಣದ ಹನಿಯನ್ನು ಬೆರೆಸಿದರೆ ಕೆಲವು ದಿನಗಳಲ್ಲಿ ಕುಂಕುಮದ ಚುಕ್ಕೆಗಳಂತೆ ಕೆಂಪು ಗುಂಪುಗಳು ಮೂಡುತ್ತವೆ. ಬೆರೆಸದಿದ್ದರೆ ಆ ಎಳೆಯ ಕೋಶಗಳು ಸಾಯುತ್ತವೆ. ದೂತನ ಕೆಲಸ ಕೋಶಗಳನ್ನು ಗದರಿಸಿ ದುಡಿಸುವುದಕ್ಕಿಂತ ಹೆಚ್ಚಾಗಿ ಅವುಗಳನ್ನು ಸಾವಿನಿಂದ ಕಾಯುವುದು ಎಂಬುದು ಹೀಗೆಯೇ ತಿಳಿದುದು. ದೂತನನ್ನು ಬರಮಾಡಿಕೊಳ್ಳುವ ಗ್ರಾಹಕ ಯಾವುದೆಂಬುದು 1989ರಲ್ಲಿ ಗೊತ್ತಾಯಿತು. ಅದಕ್ಕೂ ಮಿಗಿಲಾದ ಫಲ ಜೀನಿನ ಕಡೆಯಿಂದ ಬಂದಿತು. ಆಮ್ಲಜನಕ ಕಡಿಮೆಯಾದಾಗ ಈ ಜೀನು ಎಚ್ಚರಗೊಳ್ಳುವುದು ಹೇಗೆಂದು ಗ್ರೆಗ್ ಸೆಮೆಂಜ ಮತ್ತು ಪೀಟರ್ ರ್‍ಯಾಟ್‌ಕ್ಲಿಫ್ ಬೇರೆ ಬೇರೆಯಾಗಿ ಶೋಧಿಸುತ್ತ ಹೋದರು. ಜೀವಕೋಶದಲ್ಲಿ ಒಂದು ಪ್ರೋಟೀನು ಸದಾ ಹುಟ್ಟುತ್ತಿರುತ್ತದೆ. ಆಮ್ಲಜನಕವಿದ್ದಾಗ ಅದರ ಮೇಲೆ ಒಂದು ಗುರುತು ಬಿದ್ದು ಅದು ಕೂಡಲೇ ನಾಶವಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ಗುರುತು ಬೀಳುವುದಿಲ್ಲ. ಅದು ಉಳಿದುಕೊಂಡು ಎರಿಥ್ರೊಪೊಯಿಟಿನ್ನಿನ ಜೀನನ್ನು ಎಬ್ಬಿಸುತ್ತದೆ. ಮೂತ್ರಪಿಂಡಕ್ಕೆ ಮಾತ್ರವಲ್ಲ, ಮೈಯ ಎಲ್ಲ ಜೀವಕೋಶಗಳಿಗೂ ಈ ಎಚ್ಚರವಿದೆಯೆಂದು ತಿಳಿದಾಗ ವಿದ್ವಾಂಸರೇ ಬೆರಗಾದರು. ಇವರಿಬ್ಬರಿಗೂ ವಿಲಿಯಂ ಕೇಲಿನ್ ಅವರಿಗೂ 2019ರ ನೊಬೆಲ್ ಪಾರಿತೋಷಕ ಸಂದಿತು.

ಅಮೃತವನ್ನು ಕಡೆದಾಗ ವಿಷವೂ ಬಂದುದುಂಟಷ್ಟೆ. ಈ ಪ್ರೋಟೀನಿನ ಒಡೆತನಕ್ಕಾಗಿ ಆಮ್‌ಜೆನ್ ಮತ್ತು ಪ್ರತಿಸ್ಪರ್ಧಿಗಳ ನಡುವೆ ನ್ಯಾಯಾಲಯಗಳಲ್ಲಿ ವರ್ಷಾನುವರ್ಷ ವ್ಯಾಜ್ಯ ನಡೆಯಿತು. 1991ರ ತೀರ್ಪಿನಲ್ಲಿ ಲಿನ್ ಅವರ ಹಕ್ಕುಪತ್ರ ಗೆದ್ದಿತು. ರಕ್ತಕಣ ಹೆಚ್ಚಿದರೆ ದಣಿವು ದೂರವೆಂದು ಅರಿತ ಸೈಕಲ್ ಪಟುಗಳು ಇದನ್ನು ಗುಟ್ಟಾಗಿ ಚುಚ್ಚಿಕೊಂಡರು. 1998ರ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಹಗರಣ ಬಯಲಾಯಿತು. ಏಳು ಬಾರಿ ಆ ಪಂದ್ಯವನ್ನು ಗೆದ್ದಿದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2012ರಲ್ಲಿ ಎಲ್ಲ ಪ್ರಶಸ್ತಿಗಳನ್ನೂ ಕಳೆದುಕೊಂಡು, ಮರುವರ್ಷ ತಪ್ಪೊಪ್ಪಿಕೊಂಡ. ಮೈಯಲ್ಲಿ ಹುಟ್ಟಿದ ದೂತನನ್ನೂ ಕಾರ್ಖಾನೆಯ ದೂತನನ್ನೂ ಬೇರೆ ಮಾಡಿ ತೋರಿಸುವ ಪರೀಕ್ಷೆ ಫ್ರಾನ್ಸಿನಲ್ಲಿ 2000ದಲ್ಲಿ ಸಿದ್ಧವಾಗಿತ್ತು. ಹ್ಯಾಮ್‌ಸ್ಟರಿನ ಕೋಶವು ಅಂಟಿಸುವ ಸಕ್ಕರೆ ಮನುಷ್ಯನ ಕೋಶವು ಅಂಟಿಸುವ ಸಕ್ಕರೆಯಂತೆಯೇ ಕಂಡರೂ ಅದೇ ಅಲ್ಲ. ಆ ಕಿಂಚಿತ್ ವ್ಯತ್ಯಾಸವೇ ಕಳ್ಳರನ್ನು ಹಿಡಿದುಕೊಟ್ಟಿತು.

ಆಸ್ಪತ್ರೆಗಳಲ್ಲಿಯೂ ಅತಿಯಾಯಿತು. ಸ್ವಲ್ಪ ಕೊಟ್ಟರೆ ಇಷ್ಟು ಹಿತವಾದರೆ, ಹೆಚ್ಚು ಕೊಟ್ಟು ರೋಗಿಯ ರಕ್ತವನ್ನು ಆರೋಗ್ಯವಂತನ ಮಟ್ಟಕ್ಕೇ ಏರಿಸಬಾರದೇಕೆ ಎಂಬ ತರ್ಕ ಹುಟ್ಟಿತು. ಔಷಧ ಹೆಚ್ಚು ಖರ್ಚಾದಷ್ಟೂ ಲಾಭ ಬರುತ್ತಿದ್ದವರಿಗೆ ಈ ತರ್ಕ ಪ್ರಿಯವಾಗಿಯೇ ತೋರಿತು. 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳು ಅದನ್ನು ಸುಳ್ಳು ಮಾಡಿದವು. ಮಿತಿಮೀರಿ ರಕ್ತವನ್ನು ಏರಿಸಿದವರಿಗೆ ಹೆಚ್ಚಿನ ಲಾಭವಾಗಲಿಲ್ಲ. ಅವುಗಳಲ್ಲೊಂದರಲ್ಲಿ ಹೃದಯದ ತೊಂದರೆಯೂ ಸಾವೂ ಅಂಥವರಲ್ಲಿಯೇ ಹೆಚ್ಚಾಗಿದ್ದುವು. 2007ರಲ್ಲಿ ಅಮೆರಿಕದಲ್ಲಿ ಔಷಧದ ಮೇಲೆ ತೀವ್ರವಾದ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಆಜ್ಞೆಯಾಯಿತು. ಅಂದಿನಿಂದ ವೈದ್ಯರು ಕೈ ಬಿಗಿಹಿಡಿದು, ರಕ್ತಪೂರಣವನ್ನು ತಪ್ಪಿಸುವಷ್ಟು ಮಾತ್ರ ಕೊಡುತ್ತಾರೆ.

ಯೂಜೀನ್ ಗೋಲ್ಡ್‌ವಾಸರ್ 2010ರ ಡಿಸೆಂಬರಿನಲ್ಲಿ ಷಿಕಾಗೋದಲ್ಲಿ ತೀರಿಕೊಂಡರು. ಅವರಿಗೆ 88 ವರ್ಷ ವಯಸ್ಸಾಗಿತ್ತು. ತಮ್ಮ ದೀರ್ಘಾನ್ವೇಷಣೆಯ ಕಥೆಯನ್ನು ಅವರು ಒಂದು ಪುಸ್ತಕವಾಗಿ ಬರೆದಿಟ್ಟಿದ್ದಾರೆ.

ಕುಮಾಮೊಟೊದ ರೋಗಿಗಳಿಗೆ ಮಾತ್ರ ಈ ಔಷಧದಿಂದ ಉಪಯೋಗವಾಗುವಂತಿರಲಿಲ್ಲ. ಅವರ ಮೈಯಲ್ಲಿ ದೂತರಿಗೆ ಕೊರತೆಯಿರಲಿಲ್ಲ; ಬತ್ತಿದ್ದುದು ಮಜ್ಜೆ. ಅದಕ್ಕೆ ಬೇರೊಬ್ಬರ ಮಜ್ಜೆಯನ್ನು ಕಸಿಮಾಡುವುದು, ಇಲ್ಲವೇ ಮಜ್ಜೆಯ ಮೇಲೆ ಎರಗುವ ದೇಹದ ರಕ್ಷಣಾಶಕ್ತಿಯನ್ನು ತಗ್ಗಿಸುವ ಮದ್ದುಗಳನ್ನು ಕೊಡುವುದು ಇಂದಿನ ಚಿಕಿತ್ಸೆ. 2,550 ಲೀಟರು ಸೇರುವ ಕಾಲದಲ್ಲಿ ಈ ಎರಡೂ ಇನ್ನೂ ಪ್ರಯೋಗದ ಹಂತದಲ್ಲಿಯೇ ಇದ್ದುವು.